ಮರ ಹತ್ತುವವನಿಗೆ ನಿಮ್ಮ ಪ್ರಶ್ನೆ

ನಾನು ಮೂಡಿಗೆರೆ ಕಡೆಯವನು. 23 ವರ್ಷದಿಂದ ಮರಗಸಿ ಮಾಡುತ್ತಿದ್ದೇನೆ. ಕೊಡಗಿನವರು ಇದನ್ನೇ ಕಪಾತು ಅನ್ನುತ್ತಾರೆ. ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಇಳಿಸುವುದು, ಮನೆ ಮೇಲೆ ವಾಲಿದ ಮರವನ್ನು ತುಂಡು ತುಂಡಾಗಿ ಕೆಳಗೆ ತರುವುದು, ಮಳೆಗಾಲದಲ್ಲಿ ದಾರಿಗೆ ಬಿದ್ದಿದ್ದನ್ನು ಬಿಡಿಸುವುದು, ಇದೇ ನನ್ನ ಕೆಲಸ. ಯಾರ ಕೈಕೆಳಗೂ ಇಲ್ಲ. ಗರಗಸ ನಂದೇ, ಹಗ್ಗ ನಂದೇ, ಜೊತೆಗೆ ಇಬ್ಬರು ಹುಡುಗರಿದ್ದಾರೆ. ಹೋದ ತಿಂಗಳು ಸಂಪಾದಕರು ಓದುಗರಿಂದ ಪ್ರಶ್ನೆ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ನನಗೆ 22 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಒಂದು ವರ್ಷ ಇದ್ದು ಊರಿಗೆ ವಾಪಸ್ ಬಂದಿದ್ದೇನೆ. ಮರಗಸಿಗೆ ಜನ ಸಿಗುತ್ತಿಲ್ಲ, ದುಡ್ಡು ಚೆನ್ನಾಗಿದೆ ಅಂತಾರೆ. ಸಾಲ ಮಾಡಿ ಚೈನ್ ಸಾ ತಗೊಂಡು ಶುರು ಮಾಡಲಾ? — ಓದುಗ, ಕೊಪ್ಪ

ಶುರು ಮಾಡಿ. ಆದರೆ ಚೈನ್ ಸಾದಿಂದ ಅಲ್ಲ, ಸಾಲದಿಂದಂತೂ ಬೇಡವೇ ಬೇಡ.

ಮೊದಲ ಒಂದು ವರ್ಷ ನೆಲದ ಮೇಲೆ ಇರಿ. ಕೆಲಸ ಗೊತ್ತಿರುವವರ ಜೊತೆ ಸೇರಿ ಹಗ್ಗ ಹಿಡಿಯಿರಿ, ಬಿದ್ದ ಸೊಪ್ಪು ಎಳೆಯಿರಿ, ಕಾಫಿ ಗಿಡದ ಮೇಲೆ ಬಿದ್ದ ಕೊಂಬೆಯನ್ನು ಗಿಡ ಮುರಿಯದ ಹಾಗೆ ಬಿಡಿಸುವುದು ಕಲಿಯಿರಿ. ನನಗೆ ಕೆಲಸ ಕಲಿಸಿದ ಅಜ್ಜ ಎರಡು ಸೀಸನ್ ನನ್ನನ್ನು ಮರಕ್ಕೆ ಹತ್ತಿಸಲೇ ಇಲ್ಲ. ಪ್ರತಿ ಮರದ ಬುಡದಲ್ಲಿ ನಿಲ್ಲಿಸಿ "ಏನು ಕಾಣ್ತದೆ ಹೇಳು" ಅನ್ನುತ್ತಿದ್ದರು. ನಾನು "ಸಿಲ್ವರ್ ಮರ" ಅನ್ನುತ್ತಿದ್ದೆ. "ಇನ್ನೊಂದ್ಸಲ ನೋಡು." ಆಗ ಒಣಗಿದ ಕೊಂಬೆ ಕಾಣುತ್ತಿತ್ತು. ಮೂರನೇ ಸಲ ನೋಡಿದಾಗ ಕಡಜದ ಗೂಡು, ನಾಲ್ಕನೇ ಸಲಕ್ಕೆ ಎಲೆಗಳ ಹಿಂದೆ ಹೋದ ಕರೆಂಟ್ ತಂತಿ. ಆ ತಂತಿ ಮೊದಲಿಂದಲೂ ಅಲ್ಲೇ ಇತ್ತು, ಅಲ್ವಾ? ಈಗಲೂ ಮರ ಮುಟ್ಟುವ ಮುಂಚೆ ಸುತ್ತ ಎರಡು ಸುತ್ತು ಹಾಕುತ್ತೇನೆ. ಭಾರ ಯಾವ ಕಡೆ ಇದೆ, ಕೊಂಬೆ ಕಡಿದರೆ ಎಲ್ಲಿಗೆ ಬೀಳುತ್ತದೆ, ನಾನು ಎಲ್ಲಿಂದ ಇಳಿಯಬೇಕು ಅಂತ ನೆಲದಲ್ಲೇ ತೀರ್ಮಾನ ಮಾಡುತ್ತೇನೆ. ಮೇಲೆ ಹೋದ ಮೇಲೆ ಯೋಚನೆ ಮಾಡಲು ಕೈಕಾಲು ಬಿಡುವುದಿಲ್ಲ.

ನನ್ನ ದಿನ ಬೆಳಿಗ್ಗೆ ಐದೂವರೆಗೆ ಶುರು. ಚೈನಿನ ಒಂದೊಂದು ಹಲ್ಲನ್ನೂ ದುಂಡು ಅರದಲ್ಲಿ ಉಜ್ಜಬೇಕು. ಒಂದು ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು, ಅಂದಾಜಿಗೆ ಸುರಿದರೆ ಇಂಜಿನ್ ಹೋಗುತ್ತದೆ. ಹಗ್ಗವನ್ನು ಪೂರ್ತಿ ಉದ್ದ ಕೈಯಲ್ಲಿ ಜಾರಿಸುತ್ತಾ ನೋಡಬೇಕು, ಎಲ್ಲಿಯಾದರೂ ಎಳೆ ಎದ್ದಿದೆಯಾ, ಕೈಗೆ ಮೆತ್ತಗೆ ಸಿಗುತ್ತದಾ ಅಂತ. ಏಳೂವರೆಗೆ ತೋಟದಲ್ಲಿರುತ್ತೇನೆ. ಎತ್ತರದ ಮರಗಳನ್ನೆಲ್ಲ ಹನ್ನೊಂದರ ಒಳಗೆ ಮುಗಿಸುತ್ತೇನೆ, ಯಾಕೆಂದರೆ ಆಮೇಲೆ ಗಾಳಿ ಏಳುತ್ತದೆ, ತೋಳು ಸೋಲುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೂಡ ಬರುತ್ತದೆ. ಮಧ್ಯಾಹ್ನದ ನಂತರ ಕೆಳಗಿನ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಫೋನು. ಯಾರೋ ಮರ ನೋಡಲು ಕರೆಯುತ್ತಾರೆ, ಯಾರಿಗೋ ದರ ಹೇಳಬೇಕು, ಯಾರದ್ದೋ ಬಾಕಿ ವಸೂಲಿ ಮಾಡಬೇಕು. ಇದಕ್ಕೆ ಕೂಲಿ ಇಲ್ಲ, ಆದರೆ ಇದೂ ಕೆಲಸವೇ.

ದುಡ್ಡು ಇದೆ, ನಿಜ. ಆದರೆ ಹನ್ನೆರಡು ತಿಂಗಳೂ ಇಲ್ಲ. ಕಾಫಿ ಕೊಯ್ಲು, ಮೆಣಸಿನ ಕೊಯ್ಲು ಮುಗಿದ ಮೇಲೆ ನಮ್ಮ ಸೀಸನ್. ಮಳೆ ಹಿಡಿಯುವವರೆಗೆ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ. ಜೂನ್ ನಂತರ ಬಿದ್ದ ಮರಗಳ ಕೆಲಸ ಮಾತ್ರ, ಅದೂ ಬಂದರೆ ಬಂತು. ಮೇ ತಿಂಗಳ ದುಡ್ಡಿನಲ್ಲಿ ಆಗಸ್ಟ್ ತಿಂಗಳ ಅಕ್ಕಿ ಇದೆ ಅಂತ ನೆನಪಿಟ್ಟುಕೊಳ್ಳುವವರಿಗೆ ಈ ಕೆಲಸ ಆಗುತ್ತದೆ. ನೀವು ಬಿ.ಕಾಂ. ಓದಿದವರು, ಈ ಲೆಕ್ಕ ನನಗಿಂತ ಚೆನ್ನಾಗಿ ಇಡುತ್ತೀರಿ. ಒಂದು ವರ್ಷದ ನಂತರವೂ ಆಸೆ ಹಾಗೇ ಇದ್ದರೆ, ಉಳಿಸಿದ ದುಡ್ಡಿನಲ್ಲಿ ಮೊದಲು ಒಳ್ಳೆ ಹಗ್ಗ, ಸೊಂಟದ ಬೆಲ್ಟ್, ಹೆಲ್ಮೆಟ್ ತಗೊಳ್ಳಿ. ಗರಗಸ ಆಮೇಲೆ.

ಮನೆ ಪಕ್ಕದ ಒಂದೇ ಒಂದು ಮರ ಇಳಿಸಲು ಒಬ್ಬರು 4 ಸಾವಿರ ಹೇಳಿದರು, ಇನ್ನೊಬ್ಬರು 11 ಸಾವಿರ. ಅರ್ಧ ದಿನದ ಕೆಲಸ. ಇಷ್ಟು ವ್ಯತ್ಯಾಸ ಯಾಕೆ? — ಓದುಗರು, ಸಕಲೇಶಪುರ

ಇಬ್ಬರನ್ನೂ ಕರೆದು "ಹೇಗೆ ಇಳಿಸ್ತೀರಿ" ಅಂತ ಕೇಳಿ. ಎಷ್ಟು ಜನ ಬರುತ್ತಾರೆ? ಮರವನ್ನು ಇಡಿಯಾಗಿ ಉರುಳಿಸುತ್ತಾರಾ, ಮೇಲಿಂದ ತುಂಡು ಮಾಡಿ ಹಗ್ಗದಲ್ಲಿ ಇಳಿಸುತ್ತಾರಾ? ಸೊಪ್ಪು ಸೌದೆ ಯಾರು ಎತ್ತುತ್ತಾರೆ? ಹೆಂಚು ಒಡೆದರೆ ಯಾರ ಲೆಕ್ಕ? ಉತ್ತರ ಕೇಳಿದ ಮೇಲೆ ಆ 7 ಸಾವಿರ ಎಲ್ಲಿದೆ ಅಂತ ನಿಮಗೇ ಕಾಣುತ್ತದೆ.

ನೀವು ನೋಡುವುದು ಅರ್ಧ ದಿನ. ಅದರ ಹಿಂದೆ ಮರ ನೋಡಲು ಬಂದ ಒಂದು ದಿನ ಇದೆ, ಮೂರು ಜನರ ಕೂಲಿ ಇದೆ, ಮೊಂಡಾಗುವ ಚೈನ್ ಇದೆ. ಒಂದು ಸಲ ಗರಗಸದ ಹಲ್ಲು ತಾಗಿದ ಹಗ್ಗವನ್ನು ಹೊಸದಾದರೂ ಜೀವ ನೇತುಹಾಕಲು ಬಳಸುವಂತಿಲ್ಲ, ಅದೂ ಇದರಲ್ಲೇ ಬಂತು.

2008ರಲ್ಲಿ ಒಬ್ಬರು ಚೌಕಾಸಿ ಮಾಡಿ ನನ್ನ ದರವನ್ನು ಅರ್ಧಕ್ಕೆ ಇಳಿಸಿದರು. ನನಗೂ ಮನೆಯಲ್ಲಿ ತಾಪತ್ರಯ, ಒಪ್ಪಿಕೊಂಡೆ. ಆ ದರಕ್ಕೆ ಮೂರನೇ ಆಳನ್ನು ಕರೆದುಕೊಂಡು ಹೋಗಲು ಆಗಲಿಲ್ಲ. ಕೆಳಗೆ ಎರಡನೇ ಹಗ್ಗ ಹಿಡಿಯಲು ಜನ ಇಲ್ಲದೆ ಮಾವಿನ ಕೊಂಬೆ ತಿರುಗಿ ದನದ ಕೊಟ್ಟಿಗೆಯ ಮೇಲೆ ಕೂತಿತು. ಒಳಗೆ ಹಸು ಇತ್ತು, ಅದೃಷ್ಟಕ್ಕೆ ಏನೂ ಆಗಲಿಲ್ಲ. 60 ಹೆಂಚಿನ ದುಡ್ಡು ನಾನೇ ಕೊಟ್ಟೆ. ತಪ್ಪು ನಂದೇ, ಆ ದರಕ್ಕೆ ಒಪ್ಪಬಾರದಿತ್ತು. ಅವತ್ತಿಂದ ದರ ಕಡಿಮೆ ಮಾಡುವುದಾದರೆ ಸೌದೆ ನಿಮಗೇ ಬಿಡುತ್ತೇನೆ, ಸೊಪ್ಪು ನೀವೇ ಎತ್ತಿಕೊಳ್ಳಿ ಅನ್ನುತ್ತೇನೆ. ಆಳು ಮಾತ್ರ ಕಡಿಮೆ ಮಾಡುವುದಿಲ್ಲ.

ಮನೆ ಮುಂದಿನ ಮಾವಿನ ಮರವನ್ನು ಯಾವಾಗ ಸವರಿಸಬೇಕು? — ಓದುಗರು, ಅರಸೀಕೆರೆ

ಹಣ್ಣು ಇಳಿಸಿದ ಕೂಡಲೇ, ಮಳೆ ಬಿಡುವು ಕೊಟ್ಟ ದಿನ ನೋಡಿ. ಚಳಿಗಾಲದಲ್ಲಿ ಮುಟ್ಟಬೇಡಿ, ಆ ವರ್ಷದ ಹೂವೇ ಹೋಗುತ್ತದೆ.

ನಮ್ಮ ತೋಟದಲ್ಲಿ 11 ಕೆ.ವಿ. ಲೈನ್ ಹಾದುಹೋಗಿದೆ. ಅದರ ಪಕ್ಕದ ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿದೆ. ಕೆಲಸದವರು ಅಲ್ಯೂಮಿನಿಯಂ ಏಣಿ ತರುತ್ತಾರೆ. ಲೈನ್‌ಮ್ಯಾನ್‌ಗೆ ಹೇಳಿ ಕರೆಂಟ್ ತೆಗೆಸಿದರೆ ಸಾಕಲ್ಲವೇ? — ಓದುಗರು, ಸೋಮವಾರಪೇಟೆ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ನಮ್ಮ ಮೂರೂ ಜಿಲ್ಲೆಗಳಲ್ಲಿ, ಚಿಕ್ಕಮಗಳೂರು ಹಾಸನ ಕೊಡಗಿನಲ್ಲಿ, ಮೆಣಸು ಕೊಯ್ಯುವಾಗ ಮತ್ತು ಕಪಾತು ಮಾಡುವಾಗ ಹೀಗೇ ಜನ ಸತ್ತಿದ್ದಾರೆ. ಮರದಿಂದ ಬಿದ್ದು ಅಲ್ಲ. ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ನಿಲ್ಲಿಸಿಕೊಂಡೇ ಸಾಗಿಸುವಾಗ ಅದರ ತುದಿ ತಂತಿಗೆ ತಾಗುತ್ತದೆ. ಏಣಿ ಹಗುರ ಅಂತ ಹಾಗೆ ಮಾಡುತ್ತಾರೆ. ಕೆಳಗೆ ಹಿಡಿದವರು ಇಬ್ಬರಿದ್ದರೆ ಇಬ್ಬರೂ ಹೋಗುತ್ತಾರೆ.

ಅದಕ್ಕೇ ಲೈನ್ ಇರುವ ಸಾಲಿಗೆ ಅಲ್ಯೂಮಿನಿಯಂ ಏಣಿ ಬರಲೇಬಾರದು. ಒಣ ಬಿದಿರಿನ ಏಣಿ ಅಥವಾ ಫೈಬರ್ ಗ್ಲಾಸ್ ಏಣಿ ಇರಲಿ, ಆದರೆ ಒದ್ದೆಯಾದರೆ ಬಿದಿರನ್ನೂ ನಂಬಬೇಡಿ. ಇನ್ನೊಂದು ಮಾತನ್ನು ಅಡಿಕೆ ತೋಟದವರೂ ಕೇಳಿಸಿಕೊಳ್ಳಲಿ. ಈಗ ಎಲ್ಲರ ಕೈಯಲ್ಲಿರುವ ಕಾರ್ಬನ್ ಫೈಬರ್ ದೋಟಿಯನ್ನು, ಅಂದರೆ ಕೊಯ್ಯುವ ಉದ್ದ ಕೋಲನ್ನು, "ಫೈಬರ್ ಅಲ್ವಾ, ಶಾಕ್ ಹೊಡೆಯಲ್ಲ" ಅಂತ ಬಹಳ ಜನ ತಿಳಿದಿದ್ದಾರೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಫೈಬರ್ ಗ್ಲಾಸ್ ಬೇರೆ, ಕಾರ್ಬನ್ ಫೈಬರ್ ಬೇರೆ. ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕು. ನೀವು ಮಾತ್ರ ಅಲ್ಲ, ನಿಮ್ಮ ಕೈಯಲ್ಲಿರುವುದು, ನೀವು ಕಡಿಯುವ ಕೊಂಬೆ, ಎಲ್ಲವೂ.

ಇನ್ನು ಕರೆಂಟ್ ತೆಗೆಸುವ ವಿಚಾರ. ಲೈನ್‌ಮ್ಯಾನ್ ಪರಿಚಯದವರು, ಫೋನಿನಲ್ಲಿ ಹೇಳಿದೆ, ತೆಗೆದಿದ್ದಾರೆ ಅನ್ನುವುದು ಸಾಲದು. ನಿಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು, ಅವರು ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿದ್ದಕ್ಕೆ ಅಧಿಕೃತ ಒಪ್ಪಿಗೆ ತಗೊಂಡು, ತಂತಿಗೆ ಅರ್ಥಿಂಗ್ ಹಾಕಿ, ಸಿಬ್ಬಂದಿ ಸ್ಥಳದಲ್ಲೇ ನಿಂತಿರುವಾಗ ಮಾತ್ರ ನಾನು ಮರ ಮುಟ್ಟುತ್ತೇನೆ. ಯಾಕೆ ಇಷ್ಟೆಲ್ಲ ಅಂದರೆ, ಆ ಕಡೆಯ ಬಂಗಲೆಯಲ್ಲಿ ಯಾರೋ ಜನರೇಟರ್ ಹಾಕಿ ವೈರಿಂಗ್ ಸರಿ ಇಲ್ಲದಿದ್ದರೆ ಸತ್ತ ಲೈನಿಗೆ ಹಿಂದಿನಿಂದ ಜೀವ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಮೈಗೆ. ತಂತಿಯ ಮೇಲೆ ಕೊಂಬೆ ಬಿದ್ದಿದ್ದರೆ ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕತ್ತಿ ಹಿಡಿದು ಹತ್ತಿರ ಹೋಗಬೇಡಿ.

ಸಾಧ್ಯವಾದರೆ ಲೈನ್ ಕೆಳಗಿನ ಸಿಲ್ವರ್ ಮರಗಳನ್ನೇ ತೆಗೆಸಿಬಿಡಿ. ನಾಲ್ಕು ಬಳ್ಳಿ ಮೆಣಸು ಹೋಗುತ್ತದೆ, ಹೋಗಲಿ.

ಈ ಸಲ ಬಿಸಿಲು ಬೀಳಲಿ ಅಂತ ಅರೇಬಿಕಾ ಕಾಫಿ ತೋಟದ ಮರಗಳನ್ನೆಲ್ಲ ಬೋಳು ಹೊಡೆಸಬೇಕು ಅಂದುಕೊಂಡಿದ್ದೇನೆ. ನಮ್ಮ ಮರಗಸಿಯವರು ಬೇಡ ಅನ್ನುತ್ತಾರೆ. ಅವರಿಗೇನು ಗೊತ್ತು? — ಓದುಗರು, ಆಲ್ದೂರು

ಅವರಿಗೆ ಗೊತ್ತಿದೆ. ಅರೇಬಿಕಾದ ಬಿಳಿ ಕಾಂಡಕೊರಕ ಹುಳು ಬಿಸಿಲು ಬಿದ್ದ ಗಿಡವನ್ನೇ ಹುಡುಕಿಕೊಂಡು ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ ಅದರ ದುಂಬಿ ಹಾರುತ್ತದೆ. ಆಗ ನೆರಳು ಇಲ್ಲದಿದ್ದರೆ ಮುಂದಿನ ವರ್ಷ ಗಿಡ ಕಿತ್ತು ಸುಡಬೇಕಾಗುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರೂ ನೆರಳು ಉಳಿಸಿ ಅಂತಲೇ ಹೇಳುತ್ತಾರೆ. ಅತ್ತಿ, ಗೋಣಿ, ಬಸರಿ ಮರಗಳನ್ನು ಬೋಳಿಸಬೇಡಿ. ಒತ್ತಾದ ಕಡೆ ತೆಳು ಮಾಡಿಸಿ, ಸಾಕು. ಬೋಳು ಹೊಡೆಯುವುದು ನಮಗೆ ಸುಲಭದ ಕೆಲಸ, ದುಡ್ಡೂ ಬೇಗ ಬರುತ್ತದೆ. ಆದರೂ ಅವರು ಬೇಡ ಅನ್ನುತ್ತಿದ್ದಾರೆ ಅಂದರೆ ಅಂಥವರನ್ನು ಬಿಡಬೇಡಿ.

ಅಜ್ಜನ ಕಾಲದ ಹಲಸಿನ ಮರದಲ್ಲಿ ದೊಡ್ಡ ಪೊಟರೆ ಆಗಿದೆ. ಸಿಮೆಂಟ್ ತುಂಬಿ, ಕೊಂಬೆ ಕಡಿದ ಗಾಯಕ್ಕೆ ಟಾರ್ ಬಳಿಯಬೇಕು ಅಂತಾರೆ. ಹೌದಾ? — ಓದುಗರು, ತೀರ್ಥಹಳ್ಳಿ

ಎರಡೂ ಬೇಡ. ಮರ ಗಾಳಿಗೆ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಅಂಚಿನಲ್ಲಿ ಉಜ್ಜಿ ಉಜ್ಜಿ ಸಂದಿ ಬಿಡುತ್ತದೆ, ಆ ಸಂದಿಯಲ್ಲಿ ನೀರು ನಿಂತು ಒಳಗೆ ಇನ್ನೂ ಕೊಳೆಯುತ್ತದೆ. ಹತ್ತಿಪ್ಪತ್ತು ವರ್ಷದ ನಂತರ ನನ್ನಂಥವನು ಗರಗಸ ಇಟ್ಟಾಗ ಒಳಗಿನ ಸಿಮೆಂಟಿಗೆ ಚೈನ್ ಬಡಿದು ಹಿಂದಕ್ಕೆ ಎಗರುತ್ತದೆ. ನನಗೆ ಒಂದು ಸಲ ಹಾಗಾಗಿದೆ.

ಟಾರಿನ ವಿಷಯ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತ ಭಾಗದ ಸುತ್ತ ಒಳಗಿಂದಲೇ ಗೋಡೆ ಕಟ್ಟಿಕೊಂಡು, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎನ್ನುವ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿದರು. ಬಣ್ಣ ಬಳಿದರೆ ಕೊಳೆ ನಿಲ್ಲುವುದಿಲ್ಲ ಅಂತಲೂ ಅವರೇ ಕಂಡರು. ಗಾಯ ಬೇಗ ಮುಚ್ಚಬೇಕಾದರೆ ಕಡಿಯುವ ಜಾಗ ಸರಿ ಇರಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ನೋಡಿ. ಆ ಉಬ್ಬು ಉಳಿಯಬೇಕು, ಅದರಾಚೆ ಕಡಿಯಬೇಕು. ಕಾಂಡಕ್ಕೆ ಸಮ ಮಾಡಿ ನುಣ್ಣಗೆ ಕಡಿದರೆ ನೋಡಲು ಚೆಂದ, ಮರಕ್ಕೆ ಪೆಟ್ಟು. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಮೊದಲು ಕೆಳಗಿಂದ ಅರ್ಧಕ್ಕಿಂತ ಕಡಿಮೆ ಕೊಯ್ಯಿರಿ. ಆಮೇಲೆ ಸ್ವಲ್ಪ ಮುಂದೆ ಮೇಲಿಂದ ಕೊಯ್ದು ಭಾರ ಇಳಿಸಿ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹತ್ತಿರ ತೆಗೆಯಿರಿ. ಕೆಳಗಿನ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಗೇಣುದ್ದ ಸುಲಿದುಕೊಂಡೇ ಹೋಗುತ್ತದೆ.

ಪೊಟರೆ ಮುಚ್ಚುವ ಮುಂಚೆ ಇನ್ನೊಂದು ನೋಡಿ. ಮಂಗಟ್ಟೆ ಹಕ್ಕಿ ಇಂಥ ಪೊಟರೆಯಲ್ಲೇ ಮರಿ ಮಾಡುವುದು. ಹೆಣ್ಣು ಒಳಗೆ ಕೂತು ಬಾಗಿಲನ್ನು ತನ್ನ ಹಿಕ್ಕೆಯಿಂದ ಮೆತ್ತಿಕೊಳ್ಳುತ್ತದೆ, ಕೊಕ್ಕು ಹಾಕುವಷ್ಟು ಸೀಳು ಮಾತ್ರ ಬಿಟ್ಟು. ಗಂಡು ದಿನವಿಡೀ ಅತ್ತಿ ಗೋಣಿ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ನಮ್ಮ ಮರಗಸಿ ಸೀಸನ್ನೂ ಅವುಗಳ ಮರಿ ಮಾಡುವ ಕಾಲವೂ ಒಂದೇ. ಒಂದು ಹಕ್ಕಿ ಪದೇ ಪದೇ ಅದೇ ಜಾಗಕ್ಕೆ ಹಣ್ಣು ತರುತ್ತಿದ್ದರೆ ಆ ಮರವನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ. ಮರಿ ಹೊರಗೆ ಬಂದ ಮೇಲೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿದರೆ ಇದುವರೆಗೆ ಯಾವ ಮಾಲೀಕರೂ ಬೇಡ ಅಂದಿಲ್ಲ.

ಮನೆ ಮುಂದೆ ಚರಂಡಿ ತೋಡುವಾಗ ಗುಲ್‌ಮೊಹರ್ ಮರದ ಬೇರನ್ನು ಒಂದು ಕಡೆ ಪೂರ್ತಿ ಕಡಿದಿದ್ದಾರೆ. ಮೇಲಿನ ತಲೆ ಕಡಿಸಿದರೆ ಉಳಿಯುತ್ತದಾ? — ಓದುಗರು, ಮೈಸೂರು

ಬುಡ ನೋಡಿ. ಸುತ್ತಲಿನ ನೆಲದಲ್ಲಿ ಎಲ್ಲಿಯಾದರೂ ಬಿರುಕು ಬಿಟ್ಟಿದೆಯಾ? ಗಾಳಿ ಬಂದಾಗ ಬುಡದ ಮಣ್ಣು ಎದ್ದು ಕೂರುತ್ತದಾ? ಬುಡದಲ್ಲಿ ಗಟ್ಟಿ ಅಣಬೆ ಇದೆಯಾ? ಇದರಲ್ಲಿ ಒಂದಿದ್ದರೂ ಇವತ್ತೇ ಅದರ ಕೆಳಗೆ ಗಾಡಿ ನಿಲ್ಲಿಸುವುದು ಬಿಡಿ, ಪಾಲಿಕೆಗೆ ಬರೆದು ಕೊಡಿ. ತಲೆ ಕಡಿಸುವುದರಿಂದ ಉಪಯೋಗ ಇಲ್ಲ. ಕಡಿದ ಜಾಗದಿಂದ ಹತ್ತಾರು ಚಿಗುರು ಒಟ್ಟಿಗೆ ಬರುತ್ತವೆ, ಅವಕ್ಕೆ ಬುಡ ಗಟ್ಟಿ ಇರುವುದಿಲ್ಲ, ನಾಲ್ಕೈದು ವರ್ಷಕ್ಕೆ ಅವೇ ಮುರಿದು ಬೀಳುತ್ತವೆ. ಮರ ತೆಗೆಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. "ಅನುಮತಿ ನಾವು ನೋಡ್ಕೋತೀವಿ, ನೀವು ಕಡೀರಿ" ಅನ್ನುವವರ ಕೆಲಸವನ್ನು ನಾನು ಮುಟ್ಟುವುದಿಲ್ಲ. ಕಾಗದವನ್ನು ಕೈಯಲ್ಲಿ ನೋಡಬೇಕು.

ಹೆಜ್ಜೇನು ಎದ್ದರೆ ಏನು ಮಾಡ್ತೀರಿ? — ಓದುಗ, ಶೃಂಗೇರಿ

ಹೆಜ್ಜೇನು ಇರುವ ಮರಕ್ಕೆ ಹತ್ತುವುದಿಲ್ಲ. ಪಕ್ಕದ ಮರದಲ್ಲಿದ್ದರೂ ಗರಗಸ ಚಾಲೂ ಮಾಡುವುದಿಲ್ಲ, ಆ ಸದ್ದಿಗೇ ಏಳುತ್ತವೆ. ಕೆಳಗಿದ್ದಾಗ ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ನಿಂತು ಹೊಡೆಯಬಾರದು. ಒಂದು ಕಚ್ಚಿದ ಜಾಗದ ವಾಸನೆಗೆ ನೂರು ಬರುತ್ತವೆ.

ನಮ್ಮ ಯಜಮಾನರು 19 ವರ್ಷದಿಂದ ಮರಗಸಿ ಮಾಡುತ್ತಿದ್ದರು. ಹೋದ ವರ್ಷ ಬಿದ್ದು ಕಾಲಿಗೆ ರಾಡ್ ಹಾಕಿದ್ದಾರೆ. ತೋಟದವರು ಆಸ್ಪತ್ರೆಗೆ ಸ್ವಲ್ಪ ದುಡ್ಡು ಕೊಟ್ಟು ಕೈ ತೊಳೆದುಕೊಂಡರು. ಈ ಸಲ ಮತ್ತೆ ಹತ್ತುತ್ತೇನೆ ಅಂತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಏನು ಹೇಳಲಿ? — ಓದುಗರು, ಬೇಲೂರು ತಾಲ್ಲೂಕು

ತಾಯಿ, ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

ನಾನೂ ಬಿದ್ದಿದ್ದೇನೆ, 2011ರಲ್ಲಿ. ಹಾಲುವಾಣದ ಮರ, ಹನಿ ಮಳೆ ಶುರುವಾಗಿತ್ತು. "ಇದೊಂದು ಮುಗಿಸಿಬಿಡು" ಅಂದರು ಮಾಲೀಕರು, ನನಗೂ ಹಾಗೇ ಅನಿಸಿತು. ಹಾಲುವಾಣದ ಕೊಂಬೆಯನ್ನು ನಂಬಬಾರದು ಅಂತ ಗೊತ್ತಿದ್ದೂ ಕಾಲಿಟ್ಟೆ. 14 ಅಡಿಯಿಂದ ಬಿದ್ದೆ. ಎಡಗೈ ಮಣಿಕಟ್ಟು, ಎರಡು ಪಕ್ಕೆಲುಬು, ನಾಲ್ಕು ತಿಂಗಳು ಮನೆ. ಮತ್ತೆ ಹತ್ತಿದಾಗ ಭಯ ಇತ್ತು. ಅದನ್ನು ಯಾರಿಗೂ ತೋರಿಸಬಾರದು ಅಂತ ಮೊದಲಿಗಿಂತ ಜೋರಾಗಿ ಹತ್ತಿದೆ, ಬೆಲ್ಟ್ ಕೂಡ ಕೆಲವು ಸಲ ಹಾಕಲಿಲ್ಲ. ಬಿದ್ದ ದಿನಕ್ಕಿಂತ ಆ ಒಂದು ತಿಂಗಳು ನನಗೆ ಜಾಸ್ತಿ ಅಪಾಯದ್ದಾಗಿತ್ತು ಅಂತ ಈಗ ಅನಿಸುತ್ತದೆ. ಆಗ ಒಂದು ದಿನ ನನ್ನ ಹೆಂಡತಿ "ಹೋಗಬೇಡ" ಅನ್ನಲಿಲ್ಲ. "ಭಯ ಆಗ್ತದಾ" ಅಂತ ಕೇಳಿದಳು. ಅಷ್ಟು ಕೇಳಿದ್ದಕ್ಕೆ ನಾನು ಅತ್ತೆ. ಮರುದಿನದಿಂದ ನಿಧಾನ ಆದೆ. ನೀವೂ ಅದನ್ನೇ ಕೇಳಿ ನೋಡಿ.

ರಾಡ್ ಹಾಕಿದ ಕಾಲಿಗೆ ಭಾರ ಕೊಡಬಹುದಾ ಅಂತ ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು, ನೋವಿಲ್ಲ ಅನ್ನುವುದು ಸಾಕಾಗುವುದಿಲ್ಲ. ಅಲ್ಲಿಯವರೆಗೆ ನೆಲದ ಕೆಲಸ. 19 ವರ್ಷ ಮರ ನೋಡಿದ ಕಣ್ಣು ಕೆಳಗೆ ನಿಂತು ಹುಡುಗರಿಗೆ ಹೇಳುತ್ತಿದ್ದರೆ ಯಾವ ಗುಂಪಿಗೂ ಬಲ.

ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 70 ವರ್ಷದವರೆಗೆ ಮಾಡಿಸಬಹುದು. ಅಪಘಾತದಲ್ಲಿ ಜೀವ ಹೋದರೆ ಅಥವಾ ಎರಡೂ ಕೈ ಅಥವಾ ಎರಡೂ ಕಾಲು ಅಥವಾ ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ 1 ಲಕ್ಷ. ಆದರೆ ಮೂಳೆ ಮುರಿದರೆ, ಆಸ್ಪತ್ರೆ ಬಿಲ್ಲಿಗೆ, ಅದರಿಂದ ಏನೂ ಬರುವುದಿಲ್ಲ. ಅದಕ್ಕೆ ಆಯುಷ್ಮಾನ್ ಕಾರ್ಡ್ ಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎರಡೂ ಇರಲಿ.

ಇನ್ನೊಂದು, ನಾನು ಬಿದ್ದ ಮೇಲೆ ಶುರು ಮಾಡಿದ್ದು. ಕೆಲಸಕ್ಕೆ ಮುಂಚೆ ಒಂದು ಹಾಳೆ ಬರೆಯುತ್ತೇನೆ. ಯಾವ ತೋಟ, ಎಷ್ಟು ಮರ, ಎಷ್ಟು ದರ, ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಮಳೆ ಬಂದರೆ ಕೆಲಸ ನಿಲ್ಲುತ್ತದೆ, ಇಷ್ಟೇ. ಕೆಳಗೆ ಇಬ್ಬರ ಸಹಿ. ಈ ವರ್ಷ ಮೂರು ಜನ ಸಹಿ ಹಾಕಲು ಒಪ್ಪಲಿಲ್ಲ, ವಾಪಸ್ ಬಂದೆ. ಅವರಲ್ಲಿ ಇಬ್ಬರು ವಾರದೊಳಗೆ ಫೋನ್ ಮಾಡಿ ಸಹಿ ಹಾಕುತ್ತೇವೆ ಬನ್ನಿ ಅಂದರು. ಆ ಹಾಳೆಯ ಒಂದು ಪ್ರತಿಯನ್ನು ಸಂಪಾದಕರ ಹತ್ತಿರ ಕೊಟ್ಟಿದ್ದೇನೆ, ನಿಮಗೆ ಅಂಚೆಯಲ್ಲಿ ಕಳಿಸುತ್ತಾರೆ.

ಡಾಕ್ಟರು ನೆಲದ ಕೆಲಸಕ್ಕೆ ಒಪ್ಪಿದರೆ ಯಜಮಾನರು ನನ್ನ ಜೊತೆ ಬರಲಿ. ಮೇ ಕೊನೆಯವರೆಗೆ ಕೆಲಸ ಇದೆ, ಹಗ್ಗ ಹಿಡಿಯಲು ಗೊತ್ತಿರುವ ಒಬ್ಬರು ನನಗೆ ಬೇಕೇ ಬೇಕು. ಬೆಳಿಗ್ಗೆ ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ವರೆಗೆ ಬಸ್ಸಿನಲ್ಲಿ ಬಂದರೆ ಸಾಕು, ಅಲ್ಲಿಂದ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ.